ಹದಿನಾಲ್ಕು ಪರದೆ ಚೀಲಗಳು

ವಸಂತದ ಹೂಪ್ರದರ್ಶನ ನಡೆಯುವ ಹದಿನಾರು ದಿನ ಉದ್ಯಾನದ ಬಾಗಿಲು ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಒಳಗೆ ಬಂದವರ ಕಣ್ಣಿಗೆ ಬಾಡಿದ ಒಂದು ಹೂವೂ ಬೀಳುವುದಿಲ್ಲ. ಅಷ್ಟು ಹೊತ್ತಿಗೆ ಹನ್ನೊಂದು ಹೆಂಗಸರು ಪಾತಿಪಾತಿಯನ್ನೂ ಸುತ್ತಿ, ಸೊರಗಿದ್ದು, ಅಂಚು ಕಂದಿದ್ದು, ಇವತ್ತು ಸಂಜೆಯೊಳಗೆ ಸೊರಗಬಹುದಾದದ್ದು ಎಲ್ಲವನ್ನೂ ಕತ್ತರಿಸಿ, ಸೊಂಟಕ್ಕೆ ಕಟ್ಟಿದ ಬುಟ್ಟಿಗೆ ಹಾಕಿಕೊಂಡು, ಹಿಂಬದಿಯ ಗೊಬ್ಬರದ ಗುಂಡಿಗೆ ಸುರಿದು ಬಂದಿರುತ್ತಾರೆ. ಬಾಡಿದ್ದನ್ನು ಕತ್ತರಿಸುತ್ತ ಹೋದಷ್ಟೂ ಗಿಡ ಮತ್ತೆ ಮೊಗ್ಗು ಬಿಡುತ್ತದೆ. ಬೀಜ ಕಟ್ಟಲು ಬಿಟ್ಟರೆ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಪ್ರದರ್ಶನಕ್ಕೆ ಬೇಕಾದದ್ದು ಹೂವು. ಬೀಜ ಯಾರಿಗೂ ಬೇಡ.

ಈ ಹನ್ನೊಂದು ಜನರಲ್ಲಿ ಹಿರಿಯಳನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಾರೆ. ಕೈಯಲ್ಲಿರುವ ಕತ್ತರಿಯಿಂದ ಆ ಹೆಸರು ಬಂತೋ ಬಾಯಲ್ಲಿರುವುದರಿಂದಲೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಐವತ್ತೆಂಟು ವಯಸ್ಸು, ಗಿಡ್ಡ ಮೈಕಟ್ಟು, ಮೊಣಕಾಲು ನೋವು. ಮೂವತ್ತೈದು ವರ್ಷದ ಕೆಲಸದಲ್ಲಿ ಅವಳ ಬಲಗೈ ಕಣ್ಣಿನ ಅಪ್ಪಣೆಗೆ ಕಾಯುವುದನ್ನು ಬಿಟ್ಟು ಬಹಳ ಕಾಲವಾಗಿದೆ. ನೆಂಟರ ಮನೆಗೆ ಹೋದರೂ ಮಾತಾಡುತ್ತ ಮಾತಾಡುತ್ತ ಹೂದಾನಿಯಲ್ಲಿ ಬಾಡಿದ್ದನ್ನು ಹೆಕ್ಕಿ ಮಡಿಲಿಗೆ ಹಾಕಿಕೊಂಡಿರುತ್ತಾಳೆ. ಆಮೇಲೆ ಎದ್ದು ನಿಂತಾಗ ಅದು ನೆಲಕ್ಕೆ ಉದುರುತ್ತದೆ. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಇವಳು ಹಿಂದೆ ಬಂದು ನಿಂತರೆ ಟೋಪಿ ಹಾಕಿಕೊಳ್ಳುತ್ತಾನೆ. ಬಿಳಿಕೂದಲು ಇವಳ ಕೈಗೆ ಬಾಡಿದ್ದರ ಲೆಕ್ಕಕ್ಕೆ ಸೇರಬಹುದೆಂಬ ಭಯ.

ಅವಳನ್ನು ಈ ಕೆಲಸಕ್ಕೆ ಸೇರಿಸಿದವಳು ಅತ್ತೆ. ಆಗ ಉದ್ಯಾನಕ್ಕೆ ಸ್ವಂತ ಬೀಜದ ಕೋಣೆಯಿತ್ತು. ಉದ್ದನೆಯ ಮೇಜು, ಉತ್ತರದ ಕಿಟಕಿ, ಗೋಡೆಯುದ್ದಕ್ಕೂ ಗಾಜಿನ ಭರಣಿಗಳು. ಅತ್ತೆ ಅಲ್ಲಿ ಬೀಜ ಆರಿಸುವ ನಾಲ್ವರಲ್ಲಿ ಒಬ್ಬಳು. ಅವಳಿಗೆ ಒಪ್ಪಿಸಿದ್ದ ಹೂಗಳಲ್ಲಿ ಒಂದು, ನರ್ಸರಿಯವರು ಹಾಲಿಹಾಕ್ ಎಂದು ಕರೆಯುವ ಆಳೆತ್ತರದ ಗಿಡದ ಕಪ್ಪು ತಳಿ. ನಿಜವಾಗಿ ಕಪ್ಪಲ್ಲ, ಬೆಳಕಿಗೆ ಹಿಡಿದರೆ ಗಾಢವಾದ ನೇರಳೆ. ಹಾಗೇ ನೋಡಿದರೆ ಮಸಿ. ಗೋಡೆಗೆ ಒತ್ತಿ ನೆಟ್ಟಗೆ ಬೆಳೆದು, ಯಾರಿಗೂ ತಲೆಬಾಗದೆ, ಪಕ್ಕದ ಬೀದಿಯಲ್ಲಿ ಯಾರು ಹೋದರು ಯಾರು ಬಂದರು ಎಂದು ಇಣುಕುತ್ತ ನಿಲ್ಲುವ ಆ ಹೂವಿಗೆ ಕೆಲಸದ ಹೆಂಗಸರು ಇಟ್ಟ ಹೆಸರು ಅತ್ತೆಹೂ. ಅತ್ತೆಯ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆ ಕಪ್ಪು ಸುಮ್ಮನೆ ಬಂದದ್ದಲ್ಲ. ಪ್ರತಿ ವರ್ಷ ಪಾತಿಯಲ್ಲಿ ಕೆಂಪಿಗೆ ತಿರುಗಿದ ಗಿಡಗಳು ಒಂದಷ್ಟು ಇದ್ದೇ ಇರುತ್ತಿದ್ದವು. ಅವು ಎಷ್ಟೇ ಚೆನ್ನಾಗಿದ್ದರೂ ಅತ್ತೆ ಬುಡಸಮೇತ ಕೀಳುತ್ತಿದ್ದಳು. ಉಳಿದವುಗಳಲ್ಲಿ ಅತಿ ಕಪ್ಪಾದ ನಾಲ್ಕೋ ಐದೋ ಗಿಡಗಳ ಕೆಳಗಿನ ಹೂಗಳ ಬೀಜವನ್ನಷ್ಟೇ ಇಟ್ಟುಕೊಳ್ಳುತ್ತಿದ್ದಳು. ಈ ಗಿಡ ಬುಡದಿಂದ ತುದಿಗೆ ಅರಳುತ್ತ ಹೋಗುತ್ತದೆ. ಮೊದಲು ಅರಳಿದ ಬುಡದ ಹೂವಿನ ಬೀಜವೇ ಗಟ್ಟಿ. ಹೀಗೆ ಇಪ್ಪತ್ತೇಳು ವರ್ಷ. ಸೊಸೆ ಒಮ್ಮೆ ಒಂದು ಕೆಂಪು ಗಿಡವನ್ನು ಅಯ್ಯೋ ಪಾಪ ಎಂದು ಬಿಟ್ಟಿದ್ದಕ್ಕೆ ಅತ್ತೆ ಮೂರು ದಿನ ಮಾತು ಬಿಟ್ಟಿದ್ದಳು. ಆ ಮೂರು ದಿನ ಮನೆ ಎಷ್ಟು ಹಾಯಾಗಿತ್ತು ಎಂದು ಕತ್ತರಿ ಅಕ್ಕ ಈಗಲೂ ಹೇಳುತ್ತಾಳೆ.

ನಾಲ್ಕು ವರ್ಷದ ಹಿಂದೆ ಬೀಜದ ಕೋಣೆ ಮುಚ್ಚಿತು. ಗುತ್ತಿಗೆದಾರರು ಹೂ ಬಿಟ್ಟ ಸಸಿಗಳನ್ನೇ ಟ್ರೇಗಳಲ್ಲಿ ತಂದು ಇಳಿಸುವ ಏರ್ಪಾಡಾಯಿತು. ಭರಣಿಗಳನ್ನು ಲಾರಿಗೆ ತುಂಬುವ ದಿನ, ಆಗಲೇ ನಿವೃತ್ತಳಾಗಿದ್ದ ಅತ್ತೆ ಮನೆಯಿಂದ ನಡೆದು ಬಂದು, ಯಾರನ್ನೂ ಕೇಳದೆ ತನ್ನ ಭರಣಿಯಿಂದ ಒಂದು ಹಿಡಿ ಬೀಜ ತೆಗೆದುಕೊಂಡು ಹೋದಳು. ಮರುವರ್ಷ ತೀರಿಕೊಂಡಳು. ಕತ್ತರಿ ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ಅಲ್ಲಿ ಮಣ್ಣೆಂದರೆ ಕುಂಡದ ಮಣ್ಣು. ಈ ಗಿಡದ ಬೇರು ಮೂಲಂಗಿಯ ಹಾಗೆ ನೇರ ಇಳಿಯುತ್ತದೆ, ಕುಂಡ ಅದಕ್ಕೆ ಸಾಲದು. ಅಷ್ಟೇ ಅಲ್ಲ, ಬಿತ್ತಿದ ವರ್ಷ ಬರೀ ಎಲೆ. ಹೂವು ಬರುವುದು ಎರಡನೇ ವಸಂತಕ್ಕೆ. ಹೋದ ವರ್ಷ ಅವಳು ಅತ್ತೆ ಬಿಟ್ಟುಹೋದ ಬೀಜವನ್ನೆಲ್ಲ ಉದ್ಯಾನದ ಹಿಂಗೋಡೆಯ ಪಾತಿಯಲ್ಲಿ, ಯಾರೂ ಹೋಗದ ಕಡೆ ಬಿತ್ತಿದಳು. ಮೂರೇ ಗಿಡ ಎದ್ದವು.

ಈ ವರ್ಷ ಅವು ಮೊಗ್ಗು ಬಿಟ್ಟ ವಾರವೇ ಯಾರೂ ಹೋಗದ ಆ ಗೋಡೆಯೂ ಪ್ರದರ್ಶನಕ್ಕೆ ಸೇರಿತು. ಗುತ್ತಿಗೆದಾರರ ಕಡೆಯವರು ಅದೇ ಜಾತಿಯ ಗುಲಾಬಿ ಮತ್ತು ಹಳದಿ ಬಣ್ಣದ ನಲವತ್ತು ಗಿಡಗಳನ್ನು ಕಪ್ಪು ಗಿಡಗಳ ಆಚೀಚೆ ನಿಲ್ಲಿಸಿ ಹೋದರು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಜೇನುನೊಣಕ್ಕೆ ಅತ್ತೆಯ ಇಪ್ಪತ್ತೇಳು ವರ್ಷ ಗೊತ್ತಿಲ್ಲ. ಅದು ಗುಲಾಬಿಯಿಂದೆದ್ದು ಕಪ್ಪಿನ ಮೇಲೆ ಕೂತರೆ ಮುಂದಿನ ಪೀಳಿಗೆ ಕಪ್ಪೂ ಅಲ್ಲ, ಗುಲಾಬಿಯೂ ಅಲ್ಲ.

ಪ್ರದರ್ಶನದ ಹಿಂದಿನ ದಿನ ಅವಳು ಅಡುಗೆಮನೆಯ ಕಿಟಕಿಯ ಬಲೆಪರದೆ ಬಿಚ್ಚಿ, ಹದಿನಾಲ್ಕು ಸಣ್ಣ ಚೀಲ ಹೊಲಿದಳು. ಮೂರು ಗಿಡಗಳಲ್ಲಿ ಬುಡದ ಹದಿನಾಲ್ಕು ಮೊಗ್ಗುಗಳಿಗೆ ಅವನ್ನು ತೊಡಿಸಿ ದಾರ ಕಟ್ಟಿದಳು. ಒಳಗಿನ ಹೂವು ಅರಳಿದಂತೆಲ್ಲ ಬೆಳಿಗ್ಗೆ ಚೀಲ ಬಿಚ್ಚುವುದು, ಮೊಮ್ಮಗಳ ಬಣ್ಣದ ಕುಂಚದಿಂದ ಕಪ್ಪಿನ ಪರಾಗವನ್ನು ಕಪ್ಪಿಗೇ ಸವರುವುದು, ಮತ್ತೆ ಕಟ್ಟುವುದು. ಕಾಯಿ ಒಣಗಿ ಕಂದಾಗಲು ಐದು ವಾರ ಬೇಕು. ಹಸಿಯಾಗಿ ಕಿತ್ತರೆ ಜೊಳ್ಳು.

ಮೊದಲ ದಿನವೇ ಜನ ಹೂವು ಬಿಟ್ಟು ಚೀಲ ನೋಡಲು ನಿಂತರು. ಹಲ್ಲುನೋವಿಗೆ ಕೆನ್ನೆ ಕಟ್ಟಿಕೊಂಡ ಹಾಗಿದೆ ಎಂದರು ಒಬ್ಬರು. ಇದು ಹೊಸ ಫ್ಯಾಷನ್ನಾ ಎಂದರು ಇನ್ನೊಬ್ಬರು. ಮಧ್ಯಾಹ್ನ ಮೇಲ್ವಿಚಾರಕರು ಬಂದರು. ನಲವತ್ತರ ಆಸುಪಾಸಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಕೆಟ್ಟವರಲ್ಲ. ಮೇಲಿನವರು ಫೋಟೋ ತೆಗೆಸಿಕೊಳ್ಳಲು ಬರುವ ದಿನ ಗೋಡೆಯ ಮುಂದೆ ಮುಸುಕು ಹಾಕಿದ ಹೂಗಳಿರಬಾರದು ಎಂಬುದಷ್ಟೇ ಅವರ ಚಿಂತೆ. ಚೀಲ ತೆಗೆಯಿರಿ, ಬಾಡಿದ್ದನ್ನು ಕತ್ತರಿಸಿ, ನಿಯಮ ನಿಮಗೆ ಗೊತ್ತಿಲ್ಲದ್ದೇ ಎಂದರು. ಬೀಜಕ್ಕೆ ಬಿಟ್ಟಿದ್ದೇನೆ ಎಂದಳು ಇವಳು.

"ಯಾವ ಬೀಜ? ಈ ಗಿಡ ನಮ್ಮ ಪಟ್ಟಿಯಲ್ಲೇ ಇಲ್ಲ. ಕಳೆ ಇದ್ದ ಹಾಗೆ ಇದು. ಪ್ರದರ್ಶನ ಮುಗಿದ ಮಾರನೇ ದಿನ ಹೇಗೂ ಪಾತಿ ಅಗೀತಾರೆ."

"ಅಗೆಯೋ ದಿನ ನೋಡೋಣ ಸರ್. ಇವತ್ತು ಕತ್ತರಿಸಲ್ಲ."

ಹಾಗೆಂದವಳು ಮಿಕ್ಕ ಪಾತಿಗಳಲ್ಲಿ ಒಂದು ಸೊರಗಿದ ಎಸಳನ್ನೂ ಬಿಡಲಿಲ್ಲ. ತನ್ನ ಕೆಲಸದಲ್ಲಿ ಯಾರೂ ಬೆರಳು ತೋರಿಸಬಾರದೆಂದು ಮಾಮೂಲಿಗಿಂತ ಅರ್ಧ ಗಂಟೆ ಮೊದಲೇ ಬಂದಳು.

ಆರನೇ ದಿನ ಬೆಳಿಗ್ಗೆ ಮೇಲ್ವಿಚಾರಕರು ಮತ್ತೆ ಬಂದು ಪಕ್ಕದಲ್ಲಿ ನಿಂತರು. ಕುಂಚದ ಕೆಲಸಕ್ಕೆಂದು ಅವಳು ಆಗಷ್ಟೇ ಕೆಲವು ಚೀಲ ಬಿಚ್ಚಿದ್ದಳು. ಅವರು ಶಿಸ್ತಿನ ಬಗ್ಗೆ ಹೇಳಿದರು, ನಿವೃತ್ತಿಗೆ ಎರಡೇ ವರ್ಷ ಇರುವಾಗ ಇದೆಲ್ಲ ಯಾಕೆ ಎಂದರು. ಅವಳು ಅವರ ಮುಖ ನೋಡುತ್ತ ಮಾತಿಗೆ ಮಾತು ಕೊಡುತ್ತಿದ್ದಳು. ಮಾತಿನ ನಡುವೆ ಕಚ್ ಕಚ್ ಕಚ್ ಎಂದು ಮೂರು ಸಲ ಸದ್ದಾಯಿತು. ಕೆಳಗೆ ನೋಡಿದರೆ, ಎಸಳು ಮುದುಡಿ ಕಾಯಿ ಕಟ್ಟಲು ತೊಡಗಿದ್ದ ಮೂರು ಹೂಗಳು ಬುಟ್ಟಿಯಲ್ಲಿ ಬಿದ್ದಿದ್ದವು. ಬಾಡಿದ್ದು ಕೈಗೆ ತಾಗಿತ್ತು, ಕೈ ಕತ್ತರಿಸಿತ್ತು. ಕತ್ತರಿಸೆಂದು ಅವಳು ಅದಕ್ಕೆ ಹೇಳಿರಲಿಲ್ಲ.

ಮೇಲ್ವಿಚಾರಕರಿಗೆ ನಗು ತಡೆಯಲಾಗಲಿಲ್ಲ. "ನಿಮಗಿಂತ ನಿಮ್ಮ ಕೈಯೇ ವಾಸಿ ಕಣಮ್ಮ. ಹೇಳಿದ ಮಾತು ಕೇಳುತ್ತೆ."

ಮೂವತ್ತೈದು ವರ್ಷದಲ್ಲಿ ಅವಳು ಉತ್ತರ ಕೊಡದ ಮಾತು ಅದೊಂದೇ ಎನ್ನುತ್ತಾರೆ ಜೊತೆಯವರು. ಉಳಿದ ಹನ್ನೊಂದರಲ್ಲಿ ಬಿಚ್ಚಿದ್ದ ಚೀಲಗಳನ್ನು ಕಟ್ಟಿ, ಬುಟ್ಟಿಯಿಂದ ಆ ಮೂರನ್ನು ಹೆಕ್ಕಿ, ಒಡೆದು ನೋಡಿದಳು. ಒಳಗೆ ಬಿಳಿಯ, ನೀರಿನಂಥ ಬೀಜ. ಮಾರನೇ ದಿನದಿಂದ ಗೋಡೆಪಾತಿಗೆ ಹೋಗುವ ಮೊದಲು ಕತ್ತರಿಯನ್ನು ಬೇರೆಯವಳ ಕೈಗೆ ಕೊಟ್ಟು, ಬಲಗೈಯನ್ನು ಬೆನ್ನ ಹಿಂದೆ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲೇ ಗಂಟು ಬಿಚ್ಚಿ, ಎಡಗೈಯಲ್ಲೇ ಕುಂಚ ಆಡಿಸಿ, ಹಲ್ಲಿನಿಂದ ದಾರ ಕಟ್ಟತೊಡಗಿದಳು. ಒಂದು ಚೀಲಕ್ಕೆ ಮೊದಲಿನ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು.

ಭಾನುವಾರ ಉದ್ಯಾನದ ಮುಂದಿನ ಬೀದಿಯಲ್ಲಿ ಸಂತೆ. ಪ್ರದರ್ಶನ ನೋಡಿ ಹೊರಬಂದವರು ಇಲ್ಲಿ ಸಸಿ, ಕುಂಡ, ಬೀಜ ಕೊಂಡು ಮನೆಗೆ ಹೋಗುತ್ತಾರೆ. ಕತ್ತರಿ ಅಕ್ಕನ ನಾದಿನಿಯ ಮೇಜು ಅಲ್ಲಿ ಎಡಗಡೆಯ ಸಾಲಿನಲ್ಲಿ, ಮಸಿ ಬಣ್ಣದ ಛತ್ರಿಯ ಕೆಳಗೆ. ಅಮ್ಮನಿಂದ ಬೀಜದ ಕಣ್ಣು ಬಂದದ್ದು ಈ ಮಗಳಿಗೆ. ಸೊಸೆಗೆ ಬಂದದ್ದು ಹಟ ಎಂಬುದು ನಾದಿನಿಯೇ ಮಾಡಿದ ಪಾಲುಪಟ್ಟಿ. ಆ ಭಾನುವಾರ ಅವಳು ಅತ್ತಿಗೆಯನ್ನು ಮೇಜಿನ ಹಿಂದೆ ಕೂರಿಸಿಕೊಂಡು ಬುದ್ಧಿ ಹೇಳಿದಳು. ಹೂವು ತನ್ನ ಅಮ್ಮನದು, ಹೋದರೆ ತನಗೂ ಹೊಟ್ಟೆ ಉರಿಯುತ್ತದೆ, ಆದರೆ ಎರಡು ವರ್ಷದ ಕೆಲಸಕ್ಕೆ ಕಲ್ಲು ಹಾಕಿಕೊಳ್ಳುವಷ್ಟಲ್ಲ.

"ಅಮ್ಮ ಬದುಕಿದ್ದಾಗ ನೀನು ಅವಳ ಜೊತೆ ದಿನಾ ಜಗಳ ಆಡ್ತಿದ್ದೆ ಅತ್ತಿಗೆ. ಈಗ ಅವಳ ಹೂವಿಗೋಸ್ಕರ ಜಗಳ ಆಡ್ತಿದೀಯ. ನಿಂಗೆ ಜಗಳ ಇಲ್ಲದೆ ಇರೋಕೆ ಆಗಲ್ವಾ?"

"ನಿಮ್ಮಮ್ಮನ ಜೊತೆ ಜಗಳ ಇನ್ನೂ ಮುಗಿದಿಲ್ಲ. ಅವಳಿಲ್ಲ ಅಂತ ಅವಳ ಹೂವನ್ನ ಬೇರೆಯವರು ಕೀಳೋಕೆ ನಾನು ಬಿಡ್ತೀನಾ?"

ನಾದಿನಿ ನಕ್ಕಳು. ಅಷ್ಟರಲ್ಲಿ ಸಸಿ ಕೊಳ್ಳಲು ಬಂದ ಹೆಂಗಸೊಬ್ಬಳು ಒಳಗೆ ಚೀಲ ಕಟ್ಟಿದ ಹೂವು ನೋಡಿದೆ, ಅದರ ಬೀಜ ಸಿಗುತ್ತದೆಯೇ ಎಂದಳು. ಹಾಗೆ ಕೇಳಿದವರಲ್ಲಿ ಅವಳು ಅವತ್ತಿನ ಐದನೆಯವಳು. ನಾದಿನಿ ಒಂದು ಹಳೆಯ ರಟ್ಟಿನ ಮೇಲೆ ಅವಳ ಫೋನ್ ನಂಬರು ಬರೆದುಕೊಂಡಳು. ಸಂಜೆ ಮೇಜು ಮಡಚುವಾಗ ಆ ರಟ್ಟಿನ ಮೇಲೆ ಹದಿಮೂರು ನಂಬರುಗಳಿದ್ದವು. ಬುದ್ಧಿ ಹೇಳುವ ಕೆಲಸ ಅಲ್ಲಿಗೆ ನಿಂತಿತು.

ಹದಿನೇಳನೇ ದಿನ ಅಗೆಯುವವರು ಬಂದರು. ಅವರೂ ಉದ್ಯಾನದವರೇ, ಇಪ್ಪತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ಇವಳ ಜೊತೆ ಚಹಾ ಕುಡಿದವರು. ಕತ್ತರಿ ಅಕ್ಕ ಮಡಚುವ ಸ್ಟೂಲು ತಂದು ಕಪ್ಪು ಗಿಡಗಳ ಮುಂದೆ ಹಾಕಿಕೊಂಡು ಕೂತಿದ್ದಳು. ಕೂಗಾಟ ಏನೂ ಇರಲಿಲ್ಲ. ಗುದ್ದಲಿಯವರು ಎಡದಿಂದ ಅಗೆಯುತ್ತ ಬಂದರು, ಸ್ಟೂಲಿನ ಹತ್ತಿರ ಬಂದಾಗ ಒಬ್ಬನು ಅಕ್ಕ ಕಾಲು ಎತ್ತು ಎಂದ. ಅವಳು ಎತ್ತಲಿಲ್ಲ. ಅವನು ಬೆವರು ಒರೆಸಿಕೊಂಡು, ಸುತ್ತು ಹಾಕಿ, ಬಲಗಡೆಯಿಂದ ಶುರು ಮಾಡಿದ. ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತು ಗಿಡಗಳ ಪಾತಿ ಬರಿಯ ಮಣ್ಣಾಗಿತ್ತು. ನಡುವೆ ಒಂದು ಮೇಜಿನಷ್ಟು ಜಾಗದಲ್ಲಿ ಮೂರು ಗಿಡ, ಹನ್ನೊಂದು ಚೀಲ, ಒಂದು ಸ್ಟೂಲು, ಒಬ್ಬ ಹೆಂಗಸು.

ಮಧ್ಯಾಹ್ನ ಮೆಮೊ ಬಂತು. ತಂದವನು ಕಚೇರಿಯ ಗುಮಾಸ್ತ. ಮೇಲ್ವಿಚಾರಕರ ಆದೇಶ ಮೀರಿ ಪಾತಿಯ ಕೆಲಸಕ್ಕೆ ಅಡ್ಡಿಪಡಿಸಿದ್ದಕ್ಕೆ ವಿವರಣೆ ಕೊಡಬೇಕು, ತನಿಖಾಧಿಕಾರಿಗಳು ಸ್ಥಳಕ್ಕೆ ಬಂದು ಸದರಿ ಗಿಡಗಳನ್ನು ಪರಿಶೀಲಿಸುವರು ಎಂದು ಅದರಲ್ಲಿತ್ತು. ಸಹಿ ಮಾಡಿಸಿಕೊಳ್ಳುವಾಗ ಗುಮಾಸ್ತ ಸ್ಟೂಲಿನ ಕಡೆ ಬಾಗಿದ.

"ಎದ್ದು ಮನೆಗೆ ಹೋಗಿ ಅಕ್ಕ. ಪರಿಶೀಲನೆ ಆಗೋ ತನಕ ಗಿಡ ಇದ್ದ ಹಾಗೇ ಇರಬೇಕು. ಅವರೇ ಬರೆದುಕೊಟ್ಟಿದಾರೆ. ನಾನು ಹೇಳಿದೆ ಅನ್ನಬೇಡಿ."

ಅವಳು ಮೆಮೊವನ್ನು ಎರಡು ಸಲ ಓದಿದಳು. ಆಮೇಲೆ ಸ್ಟೂಲು ಮಡಚಿಕೊಂಡು ಹೊರಟಳು.

ಮೇಲ್ವಿಚಾರಕರಿಗೆ ಇದು ಹೊಳೆಯಲು ನಾಲ್ಕು ದಿನ ಬೇಕಾಯಿತು. ತನಿಖೆಗೆ ದಿನ ಗೊತ್ತಾದದ್ದು ಎರಡು ವಾರ ಮುಂದಕ್ಕೆ. ಅಲ್ಲಿಯವರೆಗೆ ಗೋಡೆಯ ಮುಂದಿನ ಪಾತಿಯಲ್ಲಿ ಬೇಸಿಗೆಯ ಸಸಿ ಹಾಕುವಂತಿಲ್ಲ, ಆ ಗಿಡಗಳನ್ನು ಮುಟ್ಟುವಂತಿಲ್ಲ. ಅವರು ಅವಳನ್ನು ಕಚೇರಿಗೆ ಕರೆಸಿ, ಕುರ್ಚಿ ತೋರಿಸಿ, ಒಂದು ಕಾಗದ ಮುಂದಿಟ್ಟರು. ತಪ್ಪಾಯಿತು, ಇನ್ನು ಮುಂದೆ ಹೀಗೆ ನಡೆದುಕೊಳ್ಳುವುದಿಲ್ಲ ಎಂದು ಟೈಪಾಗಿತ್ತು. ಸಹಿ ಹಾಕಿದರೆ ಮೆಮೊ ವಾಪಸ್ಸು, ಕೆಲಸ ಇದ್ದ ಹಾಗೇ, ಸೇವಾ ದಾಖಲೆಯಲ್ಲಿ ಒಂದು ಗೀರೂ ಬೀಳುವುದಿಲ್ಲ. ಅವರು ಹೇಳಿದ್ದರಲ್ಲಿ ಮೋಸವಿರಲಿಲ್ಲ. ಸಹಿ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದರು: ಒಂದು ವರ್ಷದ ವೇತನ ಬಡ್ತಿ ಹೋಗುತ್ತದೆ, ಗಿಡಗಳಿಂದ ದೂರದ ಕೆಲಸಕ್ಕೆ ಹಾಕುತ್ತಾರೆ.

ಅವಳು ಕಾಗದವನ್ನು ಕೈಗೆತ್ತಿಕೊಂಡಳು. "ಸಹಿ ಹಾಕಿದ್ರೆ ಗಿಡ?"

"ಗಿಡಕ್ಕೇನು. ಪ್ರಕರಣವೇ ಇಲ್ಲ ಅಂದ ಮೇಲೆ ನಾಳೆ ತೆಗೀತಾರೆ."

"ಕಾಯಿ ಇನ್ನೂ ಹಸಿರಿದೆ ಸರ್."

"ಅಮ್ಮಾ, ಮೂರು ಗಿಡ. ಬರೀ ಮೂರು ಗಿಡ."

"ನೂರಿದ್ದಿದ್ರೆ ಸಹಿ ಹಾಕ್ತಿದ್ದೆ," ಎಂದು ಅವಳು ಕಾಗದವನ್ನು ಮೇಜಿನ ಮೇಲಿಟ್ಟು, ಅದು ಫ್ಯಾನಿನ ಗಾಳಿಗೆ ಹಾರದಂತೆ ಅವರದೇ ಪೆನ್ನನ್ನು ಮೇಲಿಟ್ಟು ಎದ್ದಳು.

ಮನೆಯಲ್ಲಿ ಗಂಡ, ಬರಿದಾಗಿದ್ದ ಅಡುಗೆಮನೆಯ ಕಿಟಕಿಗೆ ಹಳೆಯ ಪತ್ರಿಕೆ ಅಂಟಿಸುತ್ತ ನಿಂತಿದ್ದ. ಎದುರುಮನೆಯವರಿಗೆ ನಾವು ಏನು ತಿನ್ನುತ್ತೇವೆ ಎಂಬುದು ಮೂರು ವಾರದಿಂದ ಬಾಯಿಪಾಠವಾಗಿದೆ ಎಂದಷ್ಟೇ ಹೇಳಿದ.

ತನಿಖೆಗೆ ಬಂದವರು ನೀರು ಸರಬರಾಜು ಇಲಾಖೆಯ ಅಧಿಕಾರಿಣಿ. ಹೂವಿನ ವಿಷಯ ತನಗೆ ತಿಳಿಯದು ಎಂದು ಮೊದಲೇ ಹೇಳಿ, ನೇರ ಗೋಡೆಯ ಹತ್ತಿರ ನಡೆದರು. ಪ್ರದರ್ಶನದ ಮೊದಲ ದಿನದಿಂದ ಅದು ಮೂವತ್ತಾರನೇ ದಿನ. ಗಿಡದ ತುದಿಯಲ್ಲಿ ಇನ್ನೂ ಎರಡು ಕಪ್ಪು ಹೂಗಳಿದ್ದವು. ಬುಡದ ಎಲೆಗಳು ಒಣಗಿ ಚೀಲಗಳು ಧೂಳು ಹಿಡಿದಿದ್ದವು. ಅಧಿಕಾರಿಣಿ ಪ್ರಶ್ನೆ ಕೇಳಿ ಉತ್ತರವನ್ನು ತಾವೇ ಬರೆದುಕೊಂಡರು. ಆದೇಶ ತಲುಪಿತ್ತೇ? ತಲುಪಿತ್ತು. ಅರ್ಥವಾಗಿತ್ತೇ? ಚೆನ್ನಾಗಿ ಅರ್ಥವಾಗಿತ್ತು. ಮೀರಿದ್ದು ನಿಜವೇ? ನಿಜ. ವಿಷಾದವಿದೆಯೇ?

"ಇದೆ ಮೇಡಂ. ಮೂರು ಕಾಯನ್ನ ನನ್ನ ಕೈಯಾರೆ ಕತ್ತರಿಸಿಬಿಟ್ಟೆ."

ಅಧಿಕಾರಿಣಿ ತಲೆಯೆತ್ತಿ ನೋಡಿದರು. ಅದನ್ನೂ ಬರೆದುಕೊಂಡರು. ಒಂದು ಚೀಲ ಬಿಚ್ಚಿ ತೋರಿಸಿ ಎಂದರು. ಅವಳು ಎಡಗೈಯಲ್ಲಿ ಬಿಚ್ಚಿದಳು. ಒಳಗೆ ಕಂದುಬಣ್ಣದ ಚಪ್ಪಟೆ ಕಾಯಿ, ಅದರೊಳಗೆ ಒಂದಕ್ಕೊಂದು ಒತ್ತಿ ಸುತ್ತಲೂ ಜೋಡಿಸಿಟ್ಟ ಹಾಗೆ ಬೀಜ. ಪರಿಶೀಲನೆ ಮುಗಿಯಿತು ಎಂದು ಅಧಿಕಾರಿಣಿ ಕಡತ ಮುಚ್ಚಿದ ಕ್ಷಣವೇ ಮೇಲ್ವಿಚಾರಕರು ಗುದ್ದಲಿಯವನಿಗೆ ಕೈಸನ್ನೆ ಮಾಡಿದರು. ಗುದ್ದಲಿಯವನು ಬೀಡಿ ಹಚ್ಚಲು ಬೆಂಕಿಪೆಟ್ಟಿಗೆ ಹುಡುಕತೊಡಗಿದ. ಎಡಜೇಬು, ಬಲಜೇಬು, ಮತ್ತೆ ಎಡಜೇಬು. ಅದು ಸಿಗುವಷ್ಟರಲ್ಲಿ ಕತ್ತರಿ ಅಕ್ಕ ಹನ್ನೊಂದು ಚೀಲವನ್ನೂ ಬಿಚ್ಚಿದ್ದಳು. ಏಳು ಕಾಯಿ ಬಲಿತಿದ್ದವು. ನಾಲ್ಕು ಇನ್ನೂ ಹಸಿರು. ಏಳನ್ನು ಊಟದ ಡಬ್ಬಿಗೆ ಹಾಕಿದಳು. ಆ ನಾಲ್ಕನ್ನು ಗಿಡದಲ್ಲೇ ಬಿಟ್ಟಳು; ಕಿತ್ತು ಪ್ರಯೋಜನವಿರಲಿಲ್ಲ.

ಬೀಜ ಉದ್ಯಾನದ ಸ್ವತ್ತು ಎಂದರು ಮೇಲ್ವಿಚಾರಕರು.

"ಈ ಗಿಡ ಪಟ್ಟಿಯಲ್ಲೇ ಇಲ್ಲ, ಕಳೆ ಇದ್ದ ಹಾಗೆ ಅಂದಿದ್ರಿ ಸರ್. ಕಳೆ ತೆಗೆಯೋದು ನನ್ನ ಕೆಲಸ. ತೆಗೆದಿದೀನಿ."

ಅಧಿಕಾರಿಣಿ ಚಪ್ಪಲಿಗೆ ಅಂಟಿದ ಮಣ್ಣು ಕೊಡವುವುದರಲ್ಲಿ ಮಗ್ನರಾಗಿದ್ದರು. ಗುದ್ದಲಿ ಬಿತ್ತು. ಬೇರು ಆಳಕ್ಕೆ ಇಳಿದಿದ್ದರಿಂದ ಒಂದೊಂದು ಗಿಡಕ್ಕೂ ಹೊತ್ತು ಹಿಡಿಯಿತು. ಕೊನೆಯದು ಬೀಳುವ ತನಕ ಅವಳು ನಿಂತು ನೋಡಿದಳು.

ತೀರ್ಪು ಮೇಲ್ವಿಚಾರಕರು ಹೇಳಿದ ಹಾಗೇ ಬಂತು. ಬಡ್ತಿ ಹೋಯಿತು. ಹಿಂಬಾಗಿಲ ಕಾವಲಿಗೆ ಹಾಕಿದರು. ವಾಹನಗಳ ನಂಬರು ಬರೆದುಕೊಳ್ಳುವ ಕೆಲಸ. ಕತ್ತರಿಯನ್ನು ಉಗ್ರಾಣಕ್ಕೆ ಒಪ್ಪಿಸಿ ರಸೀದಿ ಪಡೆದಳು. ಮೊದಲ ಕೆಲವು ದಿನ ಕೈ ಸುಮ್ಮನಿರದೆ ರಿಜಿಸ್ಟರಿನ ಅಂಚುಗಳನ್ನು ಕಿತ್ತು ಹಾಕುತ್ತಿತ್ತು.

ಏಳು ಕಾಯಿಗಳಲ್ಲಿ ಇನ್ನೂರಕ್ಕೆ ಸ್ವಲ್ಪ ಕಡಿಮೆ ಬೀಜ ಸಿಕ್ಕಿತು. ಒಂದೇ ಗೋಡೆಯ ಬುಡದಲ್ಲಿ ಎಲ್ಲವನ್ನೂ ಇಟ್ಟರೆ ಏನಾಗುತ್ತದೆಂಬುದನ್ನು ಅವಳು ಕಂಡಾಗಿತ್ತು. ನಾದಿನಿಯ ರಟ್ಟಿನ ಮೇಲಿದ್ದವರಿಗೆಲ್ಲ ಫೋನು ಹೋಯಿತು. ಅವರೂ ಅವರಿಂದ ಕೇಳಿದವರೂ ಭಾನುವಾರಕ್ಕೊಂದಿಷ್ಟು ಜನ ಬಂದು ಮಸಿಬಣ್ಣದ ಛತ್ರಿಯ ಕೆಳಗೆ ಹತ್ತು ಹತ್ತು ಬೀಜ ತೆಗೆದುಕೊಂಡು ಹೋದರು. ಹಿತ್ತಲಿದ್ದವರು, ಶಾಲೆಯ ಹಿಂದೆ ತುಂಡು ನೆಲವಿದ್ದವರು, ಗ್ಯಾರೇಜಿನ ಪಕ್ಕದ ಒಂದಡಿ ಮಣ್ಣನ್ನೇ ತೋಟ ಎನ್ನುವವರು. ಬೀಜಕ್ಕೆ ಬೆಲೆಯಿಲ್ಲ, ಆದರೆ ಪಾಠ ಕೇಳದೆ ಕೊಡುವುದಿಲ್ಲ. ಕೆಂಪು ಬಂದರೆ ಕೀಳಬೇಕು, ಬುಡದ ಹೂವು ಎಷ್ಟೇ ಅಸಹ್ಯವಾಗಿ ಬಾಡಲಿ ಮುಟ್ಟಬಾರದು. ಒಬ್ಬರು ಬರೆದುಕೊಳ್ಳುತ್ತೇನೆ ಎಂದಾಗ ಕತ್ತರಿ ಅಕ್ಕ, ಬರೆದುಕೊಂಡದ್ದನ್ನು ಯಾರೂ ಓದುವುದಿಲ್ಲ, ಬಾಯಲ್ಲಿ ಹೇಳಿ ಎಂದು ಎರಡು ಸಲ ಹೇಳಿಸಿದಳು.

ಮೂರನೇ ವಾರದ ಒಂದು ಮಧ್ಯಾಹ್ನ ಗುಮಾಸ್ತ ಹಿಂಬಾಗಿಲಿಗೆ ಬಂದ. ಮುಂದಿನ ಪ್ರದರ್ಶನಗಳಿಗೆ ಏನಾದರೂ ವಿಶೇಷ ಬೇಕೆಂದು ಮೇಲಿನವರು ಕೇಳಿದ್ದಾರಂತೆ, ಫೋಟೋದಲ್ಲಿ ಆ ಕಪ್ಪು ಹೂವು ಅವರ ಕಣ್ಣಿಗೆ ಬಿದ್ದಿದೆಯಂತೆ. ಮೇಲ್ವಿಚಾರಕರು ಒಂದು ಪೊಟ್ಟಣ ಬೀಜ ತೆಗೆದುಕೊಂಡು ಬಾ ಎಂದು ಕಳಿಸಿದ್ದರು.

ಅವಳು ಒಳಗೆ ಬಂದ ಲಾರಿಯೊಂದರ ನಂಬರು ಬರೆದು ಮುಗಿಸಿದಳು. "ಸಂತೆ ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು. ಅವರೇ ಬರಬೇಕು. ಪಾಠ ಹೇಳದೆ ನಮ್ಮ ನಾದಿನಿ ಯಾರಿಗೂ ಕೊಡಲ್ಲ."

ಗುಮಾಸ್ತ ತಲೆ ಕೆರೆದುಕೊಂಡ. "ಹೀಗೇ ಹೇಳಲಾ ಅಕ್ಕ?"

"ಹೀಗೇ ಹೇಳು. ಬೇಗ ಬರೋದು ಒಳ್ಳೇದು, ಇನ್ನು ಮೂವತ್ತು ಬೀಜ ಉಳಿದಿದೆ ಅಷ್ಟೇ."